ಬಿದರಿಯ ಬೆಳ್ಳಿ, ಕೊರೊನಾದ ಮುಳ್ಳು: ಎರಡನ್ನೂ ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್

[ದೃಶ್ಯ: ಬಿದರಿ ತಟ್ಟೆ, ತೀರಾ ಹತ್ತಿರದಿಂದ]

ಶರಣು ಶರಣಾರ್ಥಿ. ಈ ತಟ್ಟೆ ನಮ್ಮ ಬೀದರದ್ದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಿದ್ದಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ಉಜ್ಜಿದ್ದಾರೆ. ಸತು ಕಪ್ಪಾಯಿತು, ಬೆಳ್ಳಿ ಹಾಗೇ ಉಳಿಯಿತು.

ಆ ಕಪ್ಪು ಪದರ ಎಷ್ಟು ದಪ್ಪ ಇದೆ? ಬೆಳ್ಳಿಯ ಅಂಚು ಸತುವಿಗೆ ಎಷ್ಟು ಬಿಗಿಯಾಗಿ ಕೂತಿದೆ? ಇಂಥದ್ದನ್ನು ಬೆಳಕಿನ ಮೈಕ್ರೋಸ್ಕೋಪ್ ಒಂದು ಮಟ್ಟದವರೆಗೆ ಮಾತ್ರ ತೋರಿಸುತ್ತದೆ. ಸುಮಾರು 200 ನ್ಯಾನೋಮೀಟರ್‌ಗಿಂತ (ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲು) ಹತ್ತಿರ ಇರುವ ಎರಡು ಚುಕ್ಕೆ ಅದರಲ್ಲಿ ಒಂದಾಗಿ ಕಲೆಸಿಹೋಗುತ್ತವೆ. ಬೆಳಕಿನ ಅಲೆಯೇ ಅಷ್ಟು ದೊಡ್ಡದು.

1931ರಲ್ಲಿ ಜರ್ಮನಿಯ ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ಕ್ನೋಲ್ ಬೆಳಕನ್ನೇ ಬಿಟ್ಟು ಎಲೆಕ್ಟ್ರಾನ್ ಹಿಡಿದರು. ಗಾಜಿನ ಲೆನ್ಸ್ ಜಾಗಕ್ಕೆ ತಂತಿ ಸುರುಳಿಯ ಕಾಂತ ಬಂತು. 3 ಲಕ್ಷ ವೋಲ್ಟ್‌ನಲ್ಲಿ ಓಡುವ ಎಲೆಕ್ಟ್ರಾನಿನ ಅಲೆ ಬೆಳಕಿನ ಅಲೆಗಿಂತ ಸುಮಾರು ಎರಡು ಲಕ್ಷ ಪಟ್ಟು ಚಿಕ್ಕದು. ಆದರೆ ಯಂತ್ರದೊಳಗೆ ಗಾಳಿ ಇರಬಾರದು, ಇದ್ದರೆ ಎಲೆಕ್ಟ್ರಾನ್ ಚದುರಿಹೋಗುತ್ತವೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

[ದೃಶ್ಯ: ಬೂದು ಹಿನ್ನೆಲೆಯಲ್ಲಿ ಬಿಳಿ ಗೆರೆಗಳ ಚಿತ್ರ]

ಬಿದರಿಯ ಚೂರೊಂದನ್ನು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ, ಅಂದರೆ ಎಲೆಕ್ಟ್ರಾನ್ ಕಿರಣದಿಂದ ಮೇಲ್ಮೈಯನ್ನು ಸವರಿ ನೋಡುವ ಯಂತ್ರದಲ್ಲಿ ಇಟ್ಟರೆ, ಭಾರದ ಪರಮಾಣು ಜಾಸ್ತಿ ಎಲೆಕ್ಟ್ರಾನ್ ವಾಪಸ್ ಎಸೆಯುತ್ತದೆ. ಬೆಳ್ಳಿಯ ಪರಮಾಣು ಸಂಖ್ಯೆ 47, ಸತುವಿನದು 30. ಹಾಗಾಗಿ ಬೆಳ್ಳಿ ಬೆಳ್ಳಗೆ, ಸತು ಬೂದು ಬಣ್ಣವಾಗಿ ಕಾಣುತ್ತದೆ. ಎಲೆಕ್ಟ್ರಾನ್‌ಗೆ ಬಣ್ಣ ಗೊತ್ತಿಲ್ಲ, ಅದಕ್ಕೆ ಇಂಥ ಚಿತ್ರಗಳೆಲ್ಲ ಕಪ್ಪು ಬಿಳುಪು. ಅದೇ ಹೊತ್ತಿಗೆ ಹೊರಬೀಳುವ ಎಕ್ಸ್-ರೇ ಅಳೆದರೆ, ಯಾವ ಚುಕ್ಕೆಯಲ್ಲಿ ತಾಮ್ರ, ಯಾವುದರಲ್ಲಿ ಕ್ಲೋರಿನ್ ಅಂತಲೂ ತಿಳಿಯುತ್ತದೆ.

ಲೋಹ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಜೀವಕೋಶದ ಪ್ರೋಟೀನ್ ತಡೆದುಕೊಳ್ಳಲ್ಲ. ಅದು ನೀರಿನಲ್ಲಿ ಇರುವಂಥದ್ದು. ಗಾಳಿ ಇಲ್ಲದ ಕಡೆ ಇಟ್ಟರೆ ನೀರು ಆವಿಯಾಗುತ್ತದೆ, ಎಲೆಕ್ಟ್ರಾನ್ ಬಿದ್ದರೆ ಸುಟ್ಟು ಹಾಳಾಗುತ್ತದೆ. ಸುಮ್ನೆ ಹೆಪ್ಪುಗಟ್ಟಿಸಿದರೂ ಆಗಲ್ಲ. ಫ್ರೀಜರ್‌ನಲ್ಲಿಟ್ಟು ತೆಗೆದ ಟೊಮೆಟೊ ಮೆತ್ತಗಾಗುವುದನ್ನು ನೋಡಿದ್ದೀರಿ ಅಲ್ವಾ? ಮಂಜಿನ ಹರಳು ಒಳಗೆಲ್ಲ ಸೀಳಿಬಿಡುತ್ತದೆ.

ಸ್ವಿಟ್ಜರ್ಲೆಂಡ್‌ನ ಜಾಕ್ ಡ್ಯುಬೊಶೆ 1980ರ ದಶಕದ ಆರಂಭದಲ್ಲಿ ಇದಕ್ಕೆ ದಾರಿ ಕಂಡುಕೊಂಡರು. ನೀರಿನ ತೆಳು ಪೊರೆಯನ್ನು ಮೈನಸ್ 180 ಡಿಗ್ರಿ ಹತ್ತಿರದ ದ್ರವ ಈಥೇನ್‌ಗೆ ಚಕ್ಕನೆ ಅದ್ದಿದರು. ಹರಳಾಗಲು ಪುರಸೊತ್ತೇ ಸಿಗದೆ ನೀರು ಗಾಜಿನಂತೆ ಗಟ್ಟಿಯಾಯಿತು. ಪ್ರೋಟೀನ್ ಇದ್ದಲ್ಲೇ, ಇದ್ದ ಹಾಗೇ ನಿಂತಿತು. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯ ಜೀವಾಳ ಇದೇ. ಯಂತ್ರ ಎಷ್ಟೇ ದೊಡ್ಡದಿರಲಿ, ಸ್ಯಾಂಪಲ್ ಕೆಟ್ಟರೆ ಏನೂ ಕಾಣಲ್ಲ.

ಎಲೆಕ್ಟ್ರಾನ್ ಕಡಿಮೆ ಬಿಡಬೇಕಾದ್ದರಿಂದ ಒಂದೊಂದು ಚಿತ್ರವೂ ಮಸುಕು. ಲಕ್ಷಾಂತರ ಮಸುಕು ಚಿತ್ರ ಸೇರಿಸಿ ಒಂದು ಸ್ಪಷ್ಟ ಆಕಾರ ತೆಗೆಯುವ ಗಣಿತ ಜೋಕಿಮ್ ಫ್ರಾಂಕ್ ಅವರದ್ದು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಿಂದಲೇ ಪ್ರೋಟೀನಿನ ಪರಮಾಣು ಮಟ್ಟದ ವಿವರ ಸಿಗುತ್ತದೆ ಎಂದು 1990ರಲ್ಲಿ ತೋರಿಸಿದವರು ರಿಚರ್ಡ್ ಹೆಂಡರ್ಸನ್. ಮೂವರಿಗೂ 2017ರ ರಸಾಯನಶಾಸ್ತ್ರ ನೊಬೆಲ್ ಬಂತು.

[ದೃಶ್ಯ: ತಿರುಗುತ್ತಿರುವ ಪ್ರೋಟೀನ್]

ಕೊರೊನಾ ವೈರಸ್ಸಿನ ಜೀನೋಮ್ (ಅದರ ವಂಶವಾಹಿಯ ಪೂರ್ತಿ ಬರಹ) 2020ರ ಜನವರಿಯಲ್ಲಿ ಹೊರಬಂತು. ಫೆಬ್ರವರಿಯಲ್ಲೇ ಅದರ ಮೈಮೇಲಿನ ಮುಳ್ಳಿನ (ಸ್ಪೈಕ್ ಪ್ರೋಟೀನ್) ರಚನೆ ಪ್ರಕಟವಾಯಿತು, ಚಕ್ಕನೆ ತಣ್ಣಗಾಗಿಸಿ ನೋಡುವ ಇದೇ ವಿಧಾನದಿಂದ. ಇದಕ್ಕೆ ಕ್ರಯೋ-ಇಎಂ ಅಂತ ಹೆಸರು, ಇಎಂ ಅಂದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ. ಲಸಿಕೆ ಮಾಡುವವರು ಗುರಿ ಇಟ್ಟಿದ್ದು ಆ ಮುಳ್ಳಿಗೇ. ಬೆಂಗಳೂರಿನಲ್ಲೂ ರಾಷ್ಟ್ರೀಯ ಕ್ರಯೋ-ಇಎಂ ಕೇಂದ್ರ ಇದೆ. ಬೀದರ, ಕಲಬುರಗಿ, ಯಾದಗಿರಿಯಲ್ಲಿ ಬಿಎಸ್‌ಸಿ ಓದುತ್ತಿರುವ ತಂಗಿ-ತಮ್ಮಂದಿರು ಅದರ ಬಗ್ಗೆ ಈಗಲೇ ತಿಳಿದುಕೊಳ್ಳಿ.

ಆ ಮುಳ್ಳನ್ನು ನೀವೂ ನೋಡಬಹುದು, ದುಡ್ಡು ಬೇಕಿಲ್ಲ. ಮೊಬೈಲ್‌ನಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಅನ್ನುವ, ಪ್ರೋಟೀನ್ ರಚನೆಗಳನ್ನು ಕೂಡಿಟ್ಟ ಜಾಲತಾಣ ತೆರೆದು 6ವಿಎಸ್‌ಬಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ, ಬೆರಳಿನಿಂದ ತಿರುಗಿಸಿ. ಮೂರು ತುದಿಗಳಲ್ಲಿ ಒಂದು ಮಾತ್ರ ಮೇಲೆದ್ದು ನಿಂತಿರುತ್ತದೆ. ವೈರಸ್ ನಮ್ಮ ಕೋಶಕ್ಕೆ ಅಂಟಿಕೊಳ್ಳುವುದು ಹಾಗೆ ಎದ್ದ ತುದಿಯಿಂದಲೇ.