ಒಂದು ಕೂದಲು, ಒಂದು ಕಾಳು

ರೈತ ಬಾಂಧವರಿಗೆ ನಮಸ್ಕಾರ. ಗೋವಿನಜೋಳದ ತೆನೆಯಲ್ಲಿ ಕಾಳು ಕಟ್ಟುವುದು ಹೇಗೆ, ಇಷ್ಟೇ ಇವತ್ತಿನ ಮಾತು.

ತೆನೆಯ ತುದಿಯಲ್ಲಿ ಇಳಿಬಿದ್ದ ಕೂದಲನ್ನು ನೀವೆಲ್ಲ ಕಂಡಿದ್ದೀರಿ. ಅದರ ಒಂದೊಂದು ಎಳೆಯೂ ಮುಂದೆ ಕಾಳಾಗಬೇಕಾದ ಒಂದೊಂದು ಜಾಗದಿಂದ ಹೊರಟಿರುತ್ತದೆ. ಗಿಡದ ನೆತ್ತಿಯ ಗಂಡು ಹೂವಿನ ಪರಾಗ ಎಳೆಗೆ ಅಂಟಿದರೆ ಅಲ್ಲೇ ಮೊಳೆತು, ಎಳೆಯ ಒಳಗೆ ಸೂಕ್ಷ್ಮವಾದ ನಳಿಕೆ ಇಳಿಸುತ್ತದೆ. ಆ ನಳಿಕೆಯಲ್ಲಿ ಎರಡು ಗಂಡು ಲಿಂಗಾಣುಗಳು ಬರುತ್ತವೆ. ಒಂದು, ಅಂಡಾಣುವಿನೊಡನೆ ಬೆರೆತು ಭ್ರೂಣವಾಗುತ್ತದೆ. ಬಿತ್ತಿದಾಗ ಮೊಳೆಯುವುದು ಅದೇ. ಇನ್ನೊಂದು, ಪಕ್ಕದ ಕೋಶದೊಡನೆ ಬೆರೆತು ನಾವು ಉಣ್ಣುವ ಹಿಟ್ಟಾಗುತ್ತದೆ. ಪರಾಗ ಬಿದ್ದ ಸುಮಾರು 24 ಗಂಟೆಯೊಳಗೆ ಈ ಎರಡೂ ಮಿಲನ ಮುಗಿದಿರುತ್ತವೆ! ಹೂಗಿಡಗಳ ಈ ಜೋಡಿ ಮಿಲನವನ್ನು 1898ರಲ್ಲಿ ಲಿಲ್ಲಿ ಹೂವಿನಲ್ಲಿ ಕಂಡು ಜಗತ್ತಿಗೆ ತಿಳಿಸಿದವರು ರಷ್ಯಾದ ಸಸ್ಯವಿಜ್ಞಾನಿ ಸೆರ್ಗೈ ನವಾಶಿನ್. ನೀವು ನೆನಪಿಡಬೇಕಾದ್ದು ಇಷ್ಟು: ಒಂದು ಕೂದಲು, ಒಂದು ಕಾಳು.

ಹಾವೇರಿ ಕಡೆಯ ರೈತರೊಬ್ಬರು ಚೀಲದ ತುಂಬ ಅರೆಬರೆ ತೆನೆ ತಂದು ಮೇಜಿನ ಮೇಲೆ ಸುರಿದರು. ಬುಡದಲ್ಲಿ ಕಾಳು, ತುದಿ ಬೋಳು. "ಯಾವ ಗೊಬ್ಬರ ಕಡಿಮಿ ಆಗೇತ್ರಿ ಸರ?" ಎಂದರು. ಎಲ್ಲರದೂ ಇದೇ ಪ್ರಶ್ನೆ! "ಗೊಬ್ಬರ ಆಮೇಲೆ, ಹೊಲಕ್ಕೆ ನಡೀರಿ" ಎಂದೆ. ತಡವಾಗಿ ಬಿತ್ತಿದ ಒಂದು ಪಟ್ಟಿ ಇನ್ನೂ ಹೂವಿನಲ್ಲಿತ್ತು. ಒಂದು ತೆನೆ ಮುರಿದು, ಸಿಪ್ಪೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಕೂದಲು ಕೀಳದಂತೆ ಬಿಡಿಸಿ, ಬುಡ ಹಿಡಿದು ಕೊಡವಿದೆ. ಬುಡದ ಕೂದಲು ಉದುರಿತು, ತುದಿಯದು ಅಂಟಿಕೊಂಡೇ ಇತ್ತು. ಮಿಲನವಾದ ಕಾಳು ತನ್ನ ಕೂದಲನ್ನು ಕಳಚುತ್ತದೆ, ಆಗದ್ದು ಹಿಡಿದುಕೊಂಡಿರುತ್ತದೆ. ಅವರೇ ಇನ್ನೂ ಕೆಲವು ತೆನೆ ಕೊಡವಿ ನೋಡಿದರು. ಆಮೇಲೆ ಮೆಲ್ಲಗೆ, "ಕೂದಲು ಒಡಿಯೂ ಹೊತ್ತಿಗೇ ಮಳಿ ಹೋತ್ರಿ. ಬೋರಿತ್ತು, ಚಾಲೂ ಮಾಡ್ಲಿಲ್ಲ" ಎಂದರು.

ಅದೇ ಕಾರಣ. ನೆಲ ಒಣಗಿದರೆ ಕೂದಲು ತಡವಾಗಿ ಹೊರಬರುತ್ತದೆ. ತುದಿಯ ಕೂದಲು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಮಿಲನವಾಗದ ಜಾಗಕ್ಕೆ ಆಮೇಲೆ ಎಷ್ಟು ಯೂರಿಯಾ ಸುರಿದರೂ ಕಾಳು ಬರುವುದಿಲ್ಲ, ದಯವಿಟ್ಟು ಅಂಗಡಿಗೆ ಓಡಬೇಡಿ. ಒಂದು ಕೂದಲು, ಒಂದು ಕಾಳು.

ಸಮಯ ಕಡಿಮೆ ಇದೆ, ಇನ್ನೆರಡು ಮಾತು. ಹುಳು ಕೂದಲು ತಿನ್ನುತ್ತಿದೆಯೇ ಎಂದು ದಿನವೂ ನೋಡಿ. ಹಿತ್ತಲಲ್ಲಿ ಹಾಕುವವರು ಒಂದೇ ಉದ್ದ ಸಾಲು ಬಿತ್ತದೆ ನಾಲ್ಕಾರು ಗಿಡ್ಡ ಸಾಲು ಬಿತ್ತಿ, ಗಾಳಿ ಎತ್ತ ಬೀಸಿದರೂ ಪರಾಗ ಸಿಗುತ್ತದೆ. ಈಗ ಹೂವಿನಲ್ಲಿರುವ ಹೊಲದವರು ಇವತ್ತೇ ನೀರು ಬಿಡಿ. ನಮಸ್ಕಾರ.