ಕಳೆದುಹೋದ ಕಾಲಿನ ಮೂಳೆಯನ್ನು ಮತ್ತೆ ಬೆಳೆಸುವ ಚಿಕಿತ್ಸೆ

[ದೃಶ್ಯ: ಮೊಣಕಾಲಿನ ಕೆಳಗಿನ ಮೂಳೆಯ ಎಕ್ಸ್‌ರೇ]

ನಮಸ್ಕಾರ. ಭೀಕರ ರಸ್ತೆ ಅಪಘಾತದಲ್ಲಿ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ, ಅಂದರೆ ಟಿಬಿಯಾ, ಮುರಿಯುವುದಷ್ಟೇ ಅಲ್ಲ, ಅದರ ಒಂದು ಭಾಗವೇ ಇಲ್ಲವಾಗುವುದುಂಟು. ಈ ಮೂಳೆಯ ಮುಂಭಾಗಕ್ಕೆ ಮಾಂಸದ ಹೊದಿಕೆಯಿಲ್ಲದಿರುವುದರಿಂದ ಅದು ಚರ್ಮ ಸೀಳಿ ಹೊರಬರುವುದು, ಗಾಯಕ್ಕೆ ಮಣ್ಣು ಸೇರಿ ಸೋಂಕು ತಗಲುವುದು, ರಕ್ತ ಹರಿಯದ ತುಂಡು ಸಾಯುವುದು ಸುಲಭ. ಸತ್ತ ಮೂಳೆಯನ್ನು ವೈದ್ಯರು ಪೂರ್ತಿ ತೆಗೆಯಲೇಬೇಕು. ಅಲ್ಲಿ ದಾಕ್ಷಿಣ್ಯ ತೋರಿದರೆ ಮುಂದಿನ ಚಿಕಿತ್ಸೆ ಫಲಿಸುವುದು ಕಷ್ಟ. ಆಮೇಲೆ 6 ಸೆಂಟಿಮೀಟರ್ ಅಂತರ ಉಳಿದರೆ ಅದು ತಾನಾಗಿ ಕೂಡಿಕೊಳ್ಳುವುದಿಲ್ಲ.

ಸೋವಿಯತ್ ಒಕ್ಕೂಟದ ಕುರ್ಗಾನ್‌ನಲ್ಲಿ ಶಸ್ತ್ರವೈದ್ಯ ಗವ್ರಿಲ್ ಇಲಿಜರೋವ್ ಅವರು 1950ರ ದಶಕದಿಂದ ಬೆಳೆಸಿದ ವಿಧಾನ ಇಂತಹ ಕಾಲುಗಳನ್ನು ಉಳಿಸುತ್ತದೆ. 1964ರ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದಿದ್ದ ವಲೇರಿ ಬ್ರುಮೆಲ್ ಮರುವರ್ಷ ಮೋಟಾರ್‌ಸೈಕಲ್ ಅಪಘಾತಕ್ಕೆ ಸಿಲುಕಿ, ಹಲವು ಶಸ್ತ್ರಚಿಕಿತ್ಸೆಗಳ ನಂತರವೂ ಮೂಳೆ ಕೂಡದೆ, ಕೊನೆಗೆ ಇವರಲ್ಲಿಗೆ ಬಂದು ಗುಣವಾದರು. ಪಶ್ಚಿಮ ಯುರೋಪಿನ ವೈದ್ಯರು ಈ ಕೆಲಸವನ್ನು ಹತ್ತಿರದಿಂದ ತಿಳಿದದ್ದು 1980ರ ಸುಮಾರಿಗೆ, ಇಟಲಿಯ ಪರ್ವತಾರೋಹಿ ಕಾರ್ಲೋ ಮೌರಿ ಅವರ ಕಾಲು ಕುರ್ಗಾನ್‌ನಲ್ಲಿ ಸರಿಹೋದ ಮೇಲೆ.

[ದೃಶ್ಯ: ಕಾಲಿನ ಸುತ್ತ ಲೋಹದ ರಿಂಗ್‌ಗಳು]

ಮೊದಲು ಕಾಲಿನ ಸುತ್ತ ರಿಂಗ್‌ಗಳನ್ನು ಜೋಡಿಸಿ, ಬಿಗಿದ ತೆಳು ತಂತಿಗಳಿಂದ ಮೂಳೆಗೆ ಕಟ್ಟುತ್ತಾರೆ. ಅಂತರದಿಂದ ದೂರದ ಆರೋಗ್ಯವಂತ ಭಾಗದಲ್ಲಿ, ಹೊರಪೊರೆಗೂ ರಕ್ತನಾಳಗಳಿಗೂ ಆದಷ್ಟು ಧಕ್ಕೆಯಾಗದಂತೆ ಮೂಳೆಯನ್ನು ಕತ್ತರಿಸುತ್ತಾರೆ. ಸುಮಾರು ಒಂದು ವಾರ ಕಾದು, ಕತ್ತರಿಸಿದ ತುಂಡನ್ನು ದಿನಕ್ಕೆ 1 ಮಿಲಿಮೀಟರ್‌ನಂತೆ ಅಂತರದತ್ತ ಸರಿಸಲಾಗುತ್ತದೆ, ಅದೂ 0.25 ಮಿಲಿಮೀಟರ್‌ನ ನಾಲ್ಕು ಹಂತಗಳಲ್ಲಿ. ತುಂಡು ಮುಂದೆ ಸರಿದಂತೆ ಅದರ ಹಿಂದೆ ಎಳೆಯ ಮೂಳೆ ಹುಟ್ಟುತ್ತದೆ. ಅವಸರಿಸಿದರೆ ಅಲ್ಲಿ ಮೂಳೆ ಬೆಳೆಯುವುದಿಲ್ಲ, ತೀರಾ ನಿಧಾನವಾದರೆ ಬೇಗನೆ ಗಟ್ಟಿಯಾಗಿ ತುಂಡು ಸರಿಯುವುದೇ ನಿಲ್ಲುತ್ತದೆ. ತುಂಡನ್ನು ಸರಿಸಲು ಮನೆಯಲ್ಲಿ ಸ್ಪ್ಯಾನರ್ ಹಿಡಿದು ರಿಂಗ್‌ಗಳ ಜೋಡಣೆಯ ನಟ್ ತಿರುಗಿಸುವವರು ರೋಗಿ ಅಥವಾ ಮನೆಯವರೇ. ಶಸ್ತ್ರವೈದ್ಯರ ಕೈಚಳಕದಷ್ಟೇ ಅವರ ಶ್ರದ್ಧೆಯೂ ಇಲ್ಲಿ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ.

6 ಸೆಂಟಿಮೀಟರ್ ಸರಿಸಲು 60 ದಿನ ಸಾಕು. ಆದರೆ ಹೊಸ ಮೂಳೆ ಭಾರ ಹೊರುವಷ್ಟು ಗಟ್ಟಿಯಾಗಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕಾಗುವುದರಿಂದ, ರಿಂಗ್ ಸಾಮಾನ್ಯವಾಗಿ ಹಲವು ತಿಂಗಳು ಕಾಲಿನಲ್ಲೇ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಇದನ್ನು ಕುಟುಂಬಕ್ಕೆ ಬಿಡಿಸಿ ಹೇಳಬೇಕು. ತಂತಿ ಚರ್ಮ ಸೇರುವ ಜಾಗದಲ್ಲಿ ಕೆಂಪಾಗುವುದು, ಕೀವಾಗುವುದು ಸಾಮಾನ್ಯ. ನಿತ್ಯ ಶುಚಿಗೊಳಿಸಿ, ಕೂಡಲೇ ವೈದ್ಯರಿಗೆ ತೋರಿಸಬೇಕು. ಪಾದ ಕೆಳಕ್ಕೆ ಬಾಗಿ ಬಿಗಿಯಾಗದಂತೆ ಫಿಸಿಯೋಥೆರಪಿ ಬೇಕು, ಬೀಡಿ ಸಿಗರೇಟು ಬಿಡಲೇಬೇಕು.

ಸರಿದ ತುಂಡು ಎದುರಿನ ಮೂಳೆಯನ್ನು ತಲುಪಿದ ಮೇಲೂ ಅವೆರಡೂ ಬೆಸೆಯದಿದ್ದರೆ, ಸೊಂಟದ ಮೂಳೆಯಿಂದ ತೆಗೆದ ಚೂರುಗಳನ್ನು ಅಲ್ಲಿ ತುಂಬಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಎಕ್ಸ್‌ರೇಯಲ್ಲಿ ಹೊಸ ಮೂಳೆಯ ಹೊರಗೋಡೆ ಸ್ಪಷ್ಟವಾಗಿ ಕಂಡ ನಂತರವೇ ರಿಂಗ್ ಬಿಚ್ಚುತ್ತಾರೆ.