ನಸುಕಿನ ನೀರು, ಮಧ್ಯಾಹ್ನದ ನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಊರಿನ ಕೆರೆಗಳ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ರಾಯಚೂರಿನವರಿಗೆ ಕೆರೆ ಅಂದ ಕೂಡಲೇ ಮಾವಿನ ಕೆರೆ ನೆನಪಾಗುತ್ತದೆ. ಜೊತೆಗೇ ಗಟಾರದ ನೀರು, ಒತ್ತುವರಿ, ಜಲಕಳೆ ಎಲ್ಲವೂ ನೆನಪಾಗುತ್ತವೆ. ಇವತ್ತು ಅದನ್ನೆಲ್ಲ ಬೈಯುವುದು ಬೇಡ. ನೀವೂ ದಿನಾ ಬೈಯುತ್ತೀರಿ, ನಾನೂ ಬೈಯುತ್ತೇನೆ. ನಾನು ಒಂದೇ ಮಾತು ಹೇಳಿ ಹೋಗುತ್ತೇನೆ. ಕೆರೆಯನ್ನು ಒಂದೇ ಜಾಗದಲ್ಲಿ ನಿಂತು, ಒಂದೇ ಹೊತ್ತಿಗೆ ನೋಡಿ. ನೋಡಿದ್ದನ್ನು ಬರೆದಿಡಿ.

ಇಷ್ಟಕ್ಕೆ ವಿಜ್ಞಾನಿ ಯಾಕೆ ಬೇಕು ಅನ್ನಬಹುದು. ಬೇಡವೇ ಬೇಡ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಮ್ಮ ಕೋಟೆ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲಿದೆ, ನೋಡಿರುತ್ತೀರಿ. ಕೋಟೆ ಕಟ್ಟಿದ್ದು 1294ರಲ್ಲಿ ಅಂತ ಅದರ ಮೇಲೆ ತೆಲುಗಿನಲ್ಲಿ ಕೊರೆದಿದ್ದಾರೆ. ಅವರು ಬರೆದಿಟ್ಟರು, ನಮಗೆ ಗೊತ್ತಾಯಿತು. ಅದೇ ಕೋಟೆ ಹತ್ತಿರದ ಆಮ್ ತಲಾಬ್‌ನಲ್ಲಿ, ಅಂದರೆ ಮಾವಿನ ಕೆರೆಯಲ್ಲಿ, ಇಪ್ಪತ್ತು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ನೀರು ಎಷ್ಟಿತ್ತು? ಯಾರನ್ನೇ ಕೇಳಿ, "ಬಾಳ ಇತ್ರೀ" ಅನ್ನುತ್ತಾರೆ. ಬಾಳ ಅಂದರೆ ಎಷ್ಟಪ್ಪ? ಆ "ಬಾಳ" ಹಿಡಿದುಕೊಂಡು ಯಾವ ಕಚೇರಿಗೆ ಹೋಗೋಣ?

ಒಂದು ಪ್ರಸಂಗ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ, ನೀವಿನ್ನೂ ಕೇಳಿಲ್ಲ. ನಮ್ಮ ಜಿಲ್ಲೆಯದೇ ಒಂದು ಊರು, ಹೆಸರು ಬೇಡ. ಊರ ನಡುವೆ ಕೆರೆ, ಹಸಿರು ನೀರು. ಬೇಸಿಗೆ ಮುಗಿದು ಮೂರ್ನಾಲ್ಕು ದಿನ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ದಡದ ತುಂಬ ಸತ್ತ ಮೀನು. ದೊಡ್ಡ ದೊಡ್ಡ ಕಟ್ಲಾ, ರೋಹು. ಊರವರ ಬಾಯಲ್ಲಿ ಒಂದೇ ಮಾತು, "ಯಾರೋ ಎಣ್ಣಿ ಹಾಕ್ಯಾರ". ಹತ್ತಿ ಬೆಳೆಗೆ ಹೊಡೆಯುತ್ತಾರಲ್ಲ, ಆ ಕೀಟನಾಶಕದ ಎಣ್ಣೆ. ಕೆರೆ ಪಕ್ಕದ ಹೊಲದವನ ಮೇಲೆ ಅನುಮಾನ. ಅವನಿಗೂ ಮೀನಿನ ಗುತ್ತಿಗೆದಾರನಿಗೂ ಮೊದಲೇ ಆಗಿಬರುತ್ತಿರಲಿಲ್ಲ, ಕೇಳಬೇಕೆ? ಜಗಳ ಪೊಲೀಸ್ ಠಾಣೆಗೆ ಹೋಯಿತು.

ನೀರು ಪರೀಕ್ಷೆಗೆ ಜೀಪಿನಲ್ಲಿ ಬಂದರು. ಯಾವಾಗ? ಊಟ ಮುಗಿಸಿ, ಮಧ್ಯಾಹ್ನ ಮೂರಕ್ಕೆ! ನೀರಲ್ಲಿ ಆಮ್ಲಜನಕ ಬೇಕಾದಷ್ಟಿದೆ ಅಂತ ವರದಿ ಬಂತು. ಹಾಗಾದರೆ ವಿಷವೇ ಇರಬೇಕು ಅಂತ ಊರಲ್ಲಿ ಗಟ್ಟಿಯಾಯಿತು.

ನಾನು ನಾಲ್ಕು ಹುಡುಗರನ್ನು ಕರೆದುಕೊಂಡು ಹೋದೆ. ಬಲೆ ಬಿಡಿಸುತ್ತಾ ಕೂತಿದ್ದ ಒಬ್ಬ ಹಿರಿಯರು ತಲೆ ಎತ್ತದೆ ಹೇಳಿದರು, "ಮೇಡಂರೀ, ಹೊತ್ತೇರಿದ ಮ್ಯಾಲೆ ಬಂದು ಏನ್ ನೋಡ್ತೀರಿ? ನಸುಕಿನ್ಯಾಗ ಬರ್ರಿ. ಉಳಿದ ಮೀನು ಬಾಯಿ ಮ್ಯಾಲ ಮಾಡ್ಕೊಂಡು ನಿಂತಿರ್ತಾವ. ಎಣ್ಣಿ ಹಾಕಿದ್ರ ಚೇಳುಮೀನು ಉಳೀತಿದ್ವೇನು?"

ನೋಡಿ, ಅರ್ಧ ಸಂಶೋಧನೆ ಅಲ್ಲೇ ಮುಗಿಯಿತು. ಚೇಳುಮೀನು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ವಿಷವಾಗಿದ್ದರೆ ಅದೂ ಸಾಯಬೇಕಿತ್ತು. ಉಸಿರು ಕಟ್ಟಿದ್ದಾದರೆ ಅದು ಬದುಕುತ್ತದೆ, ಕಟ್ಲಾ ಸಾಯುತ್ತದೆ.

ಮರುದಿನ ಸೂರ್ಯ ಹುಟ್ಟುವ ಮೊದಲೇ ಹೋದೆವು. ಆ ಹಿರಿಯರು ಹೇಳಿದಂತೆಯೇ ಮೀನು ಬಾಯಿ ಮೇಲೆ ಮಾಡಿದ್ದವು. ಗಾಜಿನ ಬಾಟಲಿಗೆ ಒಂದು ಗುಳ್ಳೆಯೂ ಇಲ್ಲದಂತೆ ನೀರು ತುಂಬಿದೆವು, ಎರಡು ರಾಸಾಯನಿಕ ಹಾಕಿದೆವು. ಇದು ವಿಂಕ್ಲರ್ ಅನ್ನುವ ಹಂಗೇರಿಯವರು 1888ರಲ್ಲಿ ತೋರಿಸಿಕೊಟ್ಟ ವಿಧಾನ, ಇವತ್ತಿಗೂ ನಡೆಯುತ್ತದೆ. ನೀರಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ, ಇಲ್ಲದಿದ್ದರೆ ಬಿಳಿ. ನಮ್ಮ ಬಾಟಲಿ ಮಜ್ಜಿಗೆಯಂತೆ ಬೆಳ್ಳಗೆ ನಿಂತಿತು. ಹುಡುಗರು ಬಾಟಲಿ ಅಲ್ಲಾಡಿಸಿಯೇ ಅಲ್ಲಾಡಿಸಿದರು, ಬಣ್ಣ ಬರಲಿಲ್ಲ. ಅದೇ ಜಾಗದಲ್ಲಿ ಮಧ್ಯಾಹ್ನ ಮೂರಕ್ಕೆ ಮತ್ತೆ ತುಂಬಿದೆವು. ಕಡು ಕಂದು!

ಕಾರಣ ಇಷ್ಟೇ. ಗಟಾರದ ನೀರು ಬಂದರೆ ಪಾಚಿ ಬೆಳೆಯುತ್ತದೆ. ಬಿಸಿಲಿದ್ದಾಗ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ, ಕೆಳಗಿನ ಕೊಳೆ, ಮೀನು ಎಲ್ಲ ಸೇರಿ ಅದನ್ನು ಖಾಲಿ ಮಾಡುತ್ತವೆ. ಮೋಡ ಇದ್ದರೆ ಹಗಲಿನ ಗಳಿಕೆಯೂ ಇಲ್ಲ. ಇದರ ಮೇಲೆ ನಮ್ಮ ಸೆಕೆ. ನೀರು 20 ಡಿಗ್ರಿ ಇದ್ದರೆ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿ ಆದರೆ ಏಳೂವರೆ. ಮೀನುಗಾರಿಕೆಗೆ ಕನಿಷ್ಠ 4 ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಆ 4 ನಸುಕಿನಲ್ಲಿ ಇದೆಯೇ ಅಂತ ನೋಡಬೇಕು. ಮಧ್ಯಾಹ್ನ ನೋಡುವುದು ಸುಮ್ನೆ ಮನಸ್ಸಿನ ಸಮಾಧಾನಕ್ಕೆ. ಹೊತ್ತು ಬರೆಯದ ವರದಿ ನನ್ನ ಮೇಜಿನ ಮೇಲೆ ಬಂದರೆ ಈಗಲೂ ಸಿಟ್ಟು ಬರುತ್ತದೆ.

ಸಮಯ ಆಗುತ್ತಾ ಬಂತು ಅಂತ ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ. ಬೇಗ ಹೇಳುತ್ತೇನೆ.

ಹಕ್ಕಿಗಳು. ಹಕ್ಕಿ ಜಾಸ್ತಿ ಬಂದಿವೆ, ಕೆರೆ ಸುಧಾರಿಸಿತು ಅನ್ನಬೇಡಿ. ಯಾವ ಹಕ್ಕಿ ಅಂತ ಬರೆಯಿರಿ. ಉದ್ದ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ ಗಟಾರದ ಕೆಸರಲ್ಲೂ ಹುಳ ಹೆಕ್ಕುತ್ತಾ ಆರಾಮಾಗಿರುತ್ತದೆ. ಅದು ಹೆಚ್ಚುತ್ತಾ, ಮುಳುಗಿ ಮೀನು ಹಿಡಿಯುವ ನೀರುಕಾಗೆ ಕಡಿಮೆಯಾದರೆ ಸುದ್ದಿ ಒಳ್ಳೆಯದಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿತು. ಅಂಥ ಪಟ್ಟಿಗೆ ಹೋಗಬೇಕಾದರೆ ಹಕ್ಕಿ, ಮೀನು, ಗಿಡಗಳ ಲೆಕ್ಕ ಕೊಡಬೇಕು. "ಬಾಳ ಅದಾವ್ರೀ" ಅಂದರೆ ನಡೆಯುವುದಿಲ್ಲ.

ಇನ್ನು ನೀರಿನ ತಿಳಿ. 20 ಸೆಂಟಿಮೀಟರ್ ಅಗಲದ ಹಳೆಯ ಸ್ಟೀಲ್ ತಟ್ಟೆಗೆ ಕಪ್ಪು ಬಿಳಿ ಬಣ್ಣ ಹೊಡೆದು, ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಬಿಡಿ. ಎಷ್ಟು ಆಳಕ್ಕೆ ಕಾಣದಾಗುತ್ತದೋ ಅಷ್ಟು ಬರೆದುಕೊಳ್ಳಿ. ಇಟಲಿಯ ಸೆಕ್ಕಿ ಅನ್ನುವ ವಿಜ್ಞಾನಿ 1865ರಲ್ಲಿ ಸಮುದ್ರದಲ್ಲಿ ಮಾಡಿದ್ದೂ ಇಂಥದ್ದನ್ನೇ. ಮೇಷ್ಟ್ರೇ, ಮಕ್ಕಳನ್ನು ನೀರಿಗಿಳಿಸಬೇಡಿ, ಕಟ್ಟೆ ಮೇಲಿಂದಲೇ ಸಾಕು. ಇದು ಮಾತ್ರ ಬಿಸಿಲಲ್ಲಿ ನೋಡುವಂಥದ್ದು, ಆದರೂ ಪ್ರತಿ ಸಲ ಅದೇ ಜಾಗ, ಅದೇ ಹೊತ್ತು.

ಕೆರೆ ದಂಡೆಯಲ್ಲಿ ವಾಕಿಂಗ್ ಹೋಗುವವರೇ, ನೀವು ಹೇಗೂ ದಿನಾ ಅಲ್ಲೇ ಇರುತ್ತೀರಿ, ಅಲ್ವಾ? ವಾರಕ್ಕೊಮ್ಮೆ ನಿಲ್ಲಿ. ತಾರೀಕು, ಗಂಟೆ, ಮೋಡ ಇತ್ತೇ, ವಾಸನೆ ಇತ್ತೇ, ಮೀನು ಬಾಯಿ ಮೇಲೆ ಮಾಡಿದ್ದವೇ. ನಾಲ್ಕು ಸಾಲು ಸಾಕು. ವಾಟ್ಸ್ಆಪ್ ಗುಂಪಿಗೆ ಫೋಟೊ ಹಾಕಿದರೆ ಬರೆದಿಟ್ಟ ಹಾಗಲ್ಲ, ಗುಡ್ ಮಾರ್ನಿಂಗ್‌ಗಳ ಕೆಳಗೆ ಹೋಗಿಬಿಡುತ್ತದೆ. ಒಂದು ನೋಟ್‌ಬುಕ್ ಇಡಿ. ಪೆನ್ನು ಬೇಡ, ಪೆನ್ಸಿಲ್ ಹಿಡಿಯಿರಿ, ನೀರು ಬಿದ್ದರೆ ಮಸಿ ಹರಡುತ್ತದೆ. ನಮಸ್ಕಾರ.